ಮಲಪ್ರಭೆಯ ದಂಡೆಯಲ್ಲಿ ಮನಸ್ಸಿನ ಶೋಧ

ಬಾದಾಮಿ, ಐಹೊಳೆ, ಕೂಡಲಸಂಗಮ, ಇಳಕಲ್. ಬಾಗಲಕೋಟೆ ಜಿಲ್ಲೆಯ ನಕಾಶೆಯಲ್ಲಿ ಈ ನಾಲ್ಕು ಊರುಗಳನ್ನು ಒಂದು ಗೆರೆಯಿಂದ ಜೋಡಿಸಿದರೆ ಅದು ಒಂದು ದಿನದ ಬಸ್ ಪ್ರಯಾಣದ ದಾರಿಯಷ್ಟೆ. ಪ್ರವಾಸಿಗರು ಬಾದಾಮಿ, ಐಹೊಳೆಗಳಿಗೆ ಶಿಲ್ಪ ನೋಡಲು ಬರುತ್ತಾರೆ. ಕೂಡಲಸಂಗಮಕ್ಕೆ ಭಕ್ತರು ಬರುತ್ತಾರೆ. ಇಳಕಲ್ಲಿಗೆ ಸೀರೆ ಕೊಳ್ಳುವವರು ಹೋಗುತ್ತಾರೆ. ಆದರೆ ಈ ದಾರಿಯ ಉದ್ದಕ್ಕೂ ಸುಮಾರು 1,400 ವರ್ಷಗಳ ಕಾಲ ನಡೆದು ಬಂದಿರುವ ಇನ್ನೊಂದು ಹುಡುಕಾಟವಿದೆ. ಮನುಷ್ಯನ ಮನಸ್ಸು ಎಂಥದು, ಅದನ್ನು ಹಿಡಿದು ನಿಲ್ಲಿಸಬಹುದೆ, ಕೆಟ್ಟ ದಾರಿ ಹಿಡಿದ ಮನಸ್ಸನ್ನು ತಿರುಗಿಸಬಹುದೆ ಎಂಬ ಹುಡುಕಾಟ ಅದು. ಇದಕ್ಕೆ ಉತ್ತರ ಹೇಳಿದವರಲ್ಲಿ ಅರಸರಿದ್ದಾರೆ, ಶಿಲ್ಪಿಗಳಿದ್ದಾರೆ, ಕವಿಗಳು, ಶರಣರು, ಕೊನೆಗೆ ಹೆಗಲಿಗೆ ಜೋಳಿಗೆ ಹಾಕಿಕೊಂಡು ಓಣಿ ಓಣಿ ತಿರುಗಿದ ಒಬ್ಬ ಸ್ವಾಮಿಗಳೂ ಇದ್ದಾರೆ.

ಎರಡು ಶಾಸನ, ಒಂದು ಮನಸ್ಸು

ಬಾದಾಮಿಯ ಮೂರನೆಯ ಗುಹೆಯಲ್ಲಿ ಶಕವರ್ಷ 500ರ, ಅಂದರೆ ಕ್ರಿ.ಶ. 578ರ ಶಾಸನವೊಂದಿದೆ. ಅದನ್ನು ಬರೆಸಿದವನು ಚಾಲುಕ್ಯ ಮಂಗಲೇಶ. ಆಗ ಅವನ ಅಣ್ಣ ಕೀರ್ತಿವರ್ಮ ಅರಸನಾಗಿದ್ದ. ವಿಷ್ಣುವಿಗಾಗಿ ಈ ಗುಹಾಲಯವನ್ನು ಮಾಡಿಸಿದ ಮಂಗಲೇಶ, ಅದರ ಪುಣ್ಯವೆಲ್ಲ ಅಣ್ಣನಿಗೆ ಸೇರಲಿ, ತನಗೆ ಅಣ್ಣನ ಸೇವೆಯ ಫಲವಷ್ಟೇ ಸಾಕು ಎಂದು ಸೂರ್ಯ, ಅಗ್ನಿ ಮತ್ತು ನೆರೆದ ಜನರ ಸಾಕ್ಷಿಯಾಗಿ ಹೇಳಿಸಿದ್ದಾನೆ. ತಮ್ಮನ ಪ್ರೀತಿಗೆ ಇದಕ್ಕಿಂತ ಗಟ್ಟಿಯಾದ ದಾಖಲೆ ಬೇಕಿಲ್ಲ.

ಕೀರ್ತಿವರ್ಮ ತೀರಿಕೊಂಡ ಮೇಲೆ ಮಂಗಲೇಶನೇ ಪಟ್ಟಕ್ಕೆ ಬಂದ. ಅಣ್ಣನ ಮಗ ಇನ್ನೂ ಚಿಕ್ಕವನಾಗಿದ್ದಿರಬೇಕು ಎಂದು ಇತಿಹಾಸಕಾರರು ಊಹಿಸುತ್ತಾರೆ. ಮುಂದೆ ಆದದ್ದನ್ನು ಐಹೊಳೆಯ ಮೇಗುಟಿ ಬೆಟ್ಟದ ಜಿನಾಲಯದಲ್ಲಿರುವ ರವಿಕೀರ್ತಿಯ ಶಾಸನ ಹೇಳುತ್ತದೆ. ಅದರ ಕಾಲ ಕ್ರಿ.ಶ. 634. ರಾಜ್ಯವನ್ನು ತನ್ನ ಸ್ವಂತ ಮಗನಿಗೆ ಉಳಿಸಲು ಹೊರಟ ಮಂಗಲೇಶ ಆ ಪ್ರಯತ್ನವನ್ನೂ ರಾಜ್ಯವನ್ನೂ ಪ್ರಾಣವನ್ನೂ ಒಟ್ಟಿಗೆ ಕಳೆದುಕೊಂಡ ಎಂಬುದು ಅದರ ಸಾರಾಂಶ. ಗೆದ್ದವನು ಅದೇ ಅಣ್ಣನ ಮಗ, ಎರಡನೆಯ ಪುಲಕೇಶಿ. ಸುಮಾರು ಕ್ರಿ.ಶ. 610ರ ಹೊತ್ತಿಗೆ ಈ ಕಲಹ ಮುಗಿದಿತ್ತು.

ಐಹೊಳೆಯ ಶಾಸನ ಗೆದ್ದವರ ಕಡೆಯ ಮಾತು ಎಂಬುದನ್ನು ಮರೆಯುವಂತಿಲ್ಲ. ಆದರೂ ಎರಡು ಶಾಸನಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಒಂದು ಪ್ರಶ್ನೆ ಏಳದೆ ಇರದು. ಗುಹೆಯಲ್ಲಿ ಅಣ್ಣನಿಗೆ ಪುಣ್ಯ ಧಾರೆ ಎರೆದಾಗ ಮಂಗಲೇಶ ಸುಳ್ಳು ಹೇಳಿದನೆ? ಹಾಗೆ ಹೇಳಲು ಆಧಾರವಿಲ್ಲ. ಆ ಹೊತ್ತಿನ ಮನಸ್ಸು ನಿಜವಾಗಿಯೇ ಹಾಗಿದ್ದಿರಬಹುದು. ಮುಂದೆ ಕೈಗೆ ಬಂದ ಅಧಿಕಾರ, ಮಗನ ಮೇಲಿನ ಮಮತೆ ಅದೇ ಮನಸ್ಸನ್ನು ಬೇರೆ ಮಾಡಿರಬಹುದು. ಕಲ್ಲಿನಲ್ಲಿ ಕೊರೆಸಿದ ಮಾತು ಹಾಗೆಯೇ ಉಳಿಯಿತು; ಕೊರೆಸಿದವನ ಮನಸ್ಸು ಉಳಿಯಲಿಲ್ಲ.

ಇದೇ ಬೆಟ್ಟದಲ್ಲಿ ನಾಲ್ಕನೆಯ ಗುಹೆಯೂ ಇದೆ. ಅದು ಜೈನರದು. ಅಲ್ಲಿ ಮೈಗೆ ಬಳ್ಳಿ ಸುತ್ತಿಕೊಂಡು ನಿಂತ ಬಾಹುಬಲಿಯ ಶಿಲ್ಪವಿದೆ. ಅವನದೂ ಅಣ್ಣತಮ್ಮಂದಿರ ರಾಜ್ಯಕಲಹದ ಕಥೆಯೇ. ಅಣ್ಣ ಭರತನನ್ನು ಸೋಲಿಸಿಯೂ ರಾಜ್ಯ ಬಿಟ್ಟು ಬಾಹುಬಲಿ ತಪಸ್ಸಿಗೆ ನಿಂತ. ವರ್ಷ ಕಳೆದರೂ ಅವನಿಗೆ ಕೇವಲಜ್ಞಾನ ದೊರೆಯಲಿಲ್ಲ. ತಾನು ನಿಂತಿರುವುದು ಅಣ್ಣನ ನೆಲದ ಮೇಲೆ ಎಂಬ ಒಂದು ಸಣ್ಣ ಮುಳ್ಳು ಒಳಗೆ ಉಳಿದಿತ್ತು ಎಂದು ಜೈನ ಪರಂಪರೆ ಹೇಳುತ್ತದೆ. ಕ್ರಿ.ಶ. 941ರಲ್ಲಿ ಆದಿಪುರಾಣವನ್ನು ಬರೆದ ಪಂಪನೂ ಈ ಕಥೆಯನ್ನು ಎತ್ತಿಕೊಂಡ. ರಾಜ್ಯ ಬಿಡುವುದು ಸುಲಭ, ರಾಜ್ಯ ಬಿಟ್ಟೆನೆಂಬ ಭಾವನೆಯನ್ನು ಬಿಡುವುದು ಕಷ್ಟ ಎಂಬ ಸೂಕ್ಷ್ಮವನ್ನು ಈ ಕಥೆ ಹಿಡಿದಿಟ್ಟಿದೆ.

ಚೀನಾದ ಯಾತ್ರಿಕನ ಕಣ್ಣಲ್ಲಿ

ಎರಡನೆಯ ಪುಲಕೇಶಿಯ ರಾಜ್ಯಕ್ಕೆ ಸುಮಾರು ಕ್ರಿ.ಶ. 641ರಲ್ಲಿ ಚೀನಾದ ಬೌದ್ಧ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬಂದ. ಅವನು ಕಂಡ ರಾಜಧಾನಿ ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಬಾದಾಮಿಗೇ ಬಂದಿದ್ದನೆಂದು ಹೇಳುವಂತಿಲ್ಲ. ಆದರೆ ಇಲ್ಲಿಯ ಜನರ ಸ್ವಭಾವದ ಬಗ್ಗೆ ಅವನು ಬರೆದದ್ದು ಸ್ವಾರಸ್ಯಕರವಾಗಿದೆ. ಜನ ಸರಳರು, ಪ್ರಾಮಾಣಿಕರು, ಅಭಿಮಾನಿಗಳು. ಉಪಕಾರ ಮಾಡಿದವರನ್ನು ಮರೆಯರು, ಅವಮಾನ ಮಾಡಿದವರನ್ನು ಬಿಡರು. ಸೇಡು ತೀರಿಸಿಕೊಳ್ಳುವ ಮುನ್ನ ಎದುರಾಳಿಗೆ ಮುನ್ಸೂಚನೆ ಕೊಡುತ್ತಾರೆ. ಕಷ್ಟದಲ್ಲಿ ಮೊರೆ ಬಂದವರಿಗೆ ತಮ್ಮನ್ನು ತಾವು ಮರೆತು ನೆರವಾಗುತ್ತಾರೆ. ಇದು ಅವನು ಕೊಡುವ ಚಿತ್ರ.

ಬಾದಾಮಿಯ ಬಂಡೆಯೊಂದರ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿಯ ಅತಿ ಹಳೆಯ ಮಾದರಿಗಳು ಅದರಲ್ಲಿ ಸಿಗುವುದರಿಂದ ಅದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಒಳ್ಳೆಯವರಿಗೆ ಒಳ್ಳೆಯವನು, ಇನಿದಾದವರಿಗೆ ಇನಿಯನು, ಕೆಣಕಿದವರಿಗೆ ಮಾತ್ರ ಕಠಿಣನು ಎಂಬ ಅರ್ಥದಲ್ಲಿ ಆ ವೀರನ ವರ್ಣನೆ ಅಲ್ಲಿದೆ. ಪರದೇಶದ ಯಾತ್ರಿಕ ಕಂಡ ಗುಣವನ್ನೇ ಕೆಲವು ದಶಕಗಳ ಬಳಿಕ ಊರಿನವರು ಮೆಚ್ಚಿ ಬಂಡೆಯ ಮೇಲೆ ಬರೆಸಿದ್ದಾರೆ. ಕೊಟ್ಟದ್ದನ್ನೇ ಹಿಂದಿರುಗಿಸುವ ಮನಸ್ಸು ಅಂದಿನ ಆದರ್ಶವಾಗಿತ್ತು ಎನ್ನಬಹುದು.

ಹ್ಯೂಯೆನ್ ತ್ಸಾಂಗ್ ಇನ್ನೊಂದು ಸಂಗತಿಯನ್ನೂ ದಾಖಲಿಸಿದ್ದಾನೆ. ಅರಸನ ಬಳಿ ನೂರಾರು ಕಟ್ಟಾಳುಗಳಿದ್ದರು. ಯುದ್ಧಕ್ಕೆ ಹೊರಡುವ ಮುನ್ನ ಅವರು ಮದ್ಯ ಕುಡಿಯುತ್ತಿದ್ದರು, ಆನೆಗಳಿಗೂ ಕುಡಿಸುತ್ತಿದ್ದರು. ಸೋತು ಬಂದ ದಂಡನಾಯಕನಿಗೆ ಹೆಂಗಸರ ಉಡುಪು ಕೊಡುತ್ತಿದ್ದರು. ಆ ನಾಚಿಕೆಗೆ ಎಷ್ಟೋ ಜನ ಪ್ರಾಣ ಕಳೆದುಕೊಳ್ಳುತ್ತಿದ್ದರು. ಭಯವನ್ನು ಮದ್ಯದಿಂದಲೂ ಸೋಲನ್ನು ಅವಮಾನದಿಂದಲೂ ಆಳುವ ರಾಜನೀತಿ ಇದು. ಮನಸ್ಸನ್ನು ಕೆರಳಿಸುವ ವಿದ್ಯೆ ಅರಸರಿಗೆ ಚೆನ್ನಾಗಿ ಗೊತ್ತಿತ್ತು.

ಇದನ್ನು ಬರೆದವನು ಸ್ವತಃ ಮನಸ್ಸಿನ ಶಾಸ್ತ್ರದಲ್ಲಿ ದೊಡ್ಡ ಪಂಡಿತನಾಗಿದ್ದ. ನಾಲಂದಾದಲ್ಲಿ ಶೀಲಭದ್ರನ ಬಳಿ ಅವನು ಯೋಗಾಚಾರ ದರ್ಶನವನ್ನು ಕಲಿತಿದ್ದ. ಅಸಂಗ, ವಸುಬಂಧು ಎಂಬ ಸೋದರರು ಬೆಳೆಸಿದ ಈ ದರ್ಶನಕ್ಕೆ ವಿಜ್ಞಾನವಾದ ಎಂಬ ಹೆಸರೂ ಇದೆ. ನಾವು ಮಾಡಿದ್ದು, ಕಂಡದ್ದು, ಬಯಸಿದ್ದು ಎಲ್ಲವೂ ಬೀಜಗಳಾಗಿ ಮನಸ್ಸಿನ ಆಳದ ಉಗ್ರಾಣವೊಂದರಲ್ಲಿ ಬೀಳುತ್ತವೆ, ಕಾಲ ಬಂದಾಗ ಮೊಳೆಯುತ್ತವೆ ಎಂಬುದು ಅದರ ಒಂದು ಮುಖ್ಯ ತತ್ತ್ವ. ಆ ಉಗ್ರಾಣಕ್ಕೆ ಆಲಯವಿಜ್ಞಾನ ಎಂದೂ ಅಲ್ಲಿ ಉಳಿಯುವ ಸಂಸ್ಕಾರಕ್ಕೆ ವಾಸನೆ ಎಂದೂ ಹೆಸರು. ಹಿಂಗಿನ ಡಬ್ಬಿ ಖಾಲಿಯಾದರೂ ವಾಸನೆ ಹೋಗುವುದಿಲ್ಲ ಎಂಬುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸತ್ಯ. ಅರಿವಿಗೆ ಬಾರದ ಮನಸ್ಸಿನ ಬಗ್ಗೆ ಸಿಗ್ಮಂಡ್ ಫ್ರಾಯ್ಡ್ ವಿಯೆನ್ನಾದಲ್ಲಿ ಬರೆದದ್ದು ಇದಾದ ಎಷ್ಟೋ ಶತಮಾನಗಳ ನಂತರ. ಎರಡೂ ಒಂದೇ ಎನ್ನಲಾಗದು. ಆದರೂ ನಮ್ಮ ನಡತೆಯ ಬೇರು ನಮಗೇ ಕಾಣದ ಕಡೆ ಇರುತ್ತದೆ ಎಂಬ ಮಾತಿನಲ್ಲಿ ಇಬ್ಬರೂ ಕೂಡುತ್ತಾರೆ.

ನೀರಿನಲ್ಲಿ ಬೆವರಿದ ಅರಸ

ಬಾಗಲಕೋಟೆ ಜಿಲ್ಲೆಯ ಮುಧೋಳ ರನ್ನನ ಊರು. ಬಳೆಗಾರರ ಮನೆಯಲ್ಲಿ ಹುಟ್ಟಿದ ಈ ಕವಿ ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿ ಮೆರೆದ. ಅವನ ಗದಾಯುದ್ಧದ ದುರ್ಯೋಧನ ಕೇವಲ ದುಷ್ಟನಲ್ಲ. ಹೆಣಗಳ ನಡುವೆ ನಡೆಯುತ್ತ ಕರ್ಣನಿಗಾಗಿ ಎದೆ ಒಡೆಯುವಂತೆ ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯವನ್ನು ಕಂಡು ತಲೆದೂಗುತ್ತಾನೆ. ಆದರೂ ಸಂಧಿಗೆ ಒಪ್ಪುವುದಿಲ್ಲ. ಕೊಳದ ತಣ್ಣೀರಿನಲ್ಲಿ ಅಡಗಿದ್ದವನು ಭೀಮನ ಮೂದಲಿಕೆ ಕೇಳಿ ಬೆವರುತ್ತಾನೆ. ಮನಸ್ಸಿನ ಬೆಂಕಿ ಮೈಗೆ ಹಬ್ಬುವ ಬಗೆಯನ್ನು ರನ್ನ ಒಂದೇ ಚಿತ್ರದಲ್ಲಿ ತೋರಿಸಿಬಿಟ್ಟಿದ್ದಾನೆ. ತಪ್ಪೆಂದು ತಿಳಿದ ಮೇಲೂ ಬಿಡಲಾಗದ ಹಟವನ್ನು ಕನ್ನಡದಲ್ಲಿ ಇಷ್ಟು ಹತ್ತಿರದಿಂದ ನೋಡಿದ ಕವಿಗಳು ವಿರಳ.

ದೂರು ತನ್ನ ಮೇಲೆಯೇ

ಹನ್ನೆರಡನೆಯ ಶತಮಾನಕ್ಕೆ ಬಂದರೆ ದನಿಯೇ ಬದಲಾಗುತ್ತದೆ. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ, ಕೃಷ್ಣೆ ಮತ್ತು ಮಲಪ್ರಭೆ ಕೂಡುವಲ್ಲಿ, ಬಸವಣ್ಣನವರು ವಿದ್ಯಾಭ್ಯಾಸ ಮಾಡಿದರು. ಕಲ್ಯಾಣದ ಕ್ರಾಂತಿಯ ನಂತರ ಮರಳಿ ಬಂದು ಐಕ್ಯರಾದದ್ದೂ ಇಲ್ಲಿಯೇ. ಅವರ ಅಂಕಿತವೇ ಈ ಊರಿನ ದೇವರ ಹೆಸರು.

ಬಸವಣ್ಣನವರು ಮನಸ್ಸಿನ ಬಗ್ಗೆ ಸಿದ್ಧಾಂತ ಹೇಳಲಿಲ್ಲ. ತಮ್ಮ ಮನಸ್ಸಿನ ಮೇಲೆಯೇ ದೂರು ಹೇಳಿಕೊಂಡರು. ಒಂದೆಡೆ ನಿಲ್ಲದೆ ನೆಗೆಯುವ ಮಂಗನಿಗೆ ತಮ್ಮ ಮನಸ್ಸನ್ನು ಹೋಲಿಸಿದರು. ಬುದ್ಧನ ಉಪದೇಶಗಳಲ್ಲಿಯೂ ಇದೇ ಹೋಲಿಕೆ ಬರುತ್ತದೆ. ಬಾದಾಮಿಯ ಗುಹೆಗಳ ಬಳಿ ಕೈಯಲ್ಲಿದ್ದ ತಿಂಡಿಯನ್ನು ಮಂಗಗಳಿಗೆ ಕಳೆದುಕೊಂಡವರಿಗೆ ಈ ಹೋಲಿಕೆಯನ್ನು ವಿವರಿಸುವ ಅಗತ್ಯವಿಲ್ಲ. ಕಠೋಪನಿಷತ್ತಿನಲ್ಲಿ ಇಂದ್ರಿಯಗಳು ಕುದುರೆ, ಮನಸ್ಸು ಲಗಾಮು, ಬುದ್ಧಿ ಸಾರಥಿ. ಗ್ರೀಸಿನ ಪ್ಲೇಟೋ ಕೂಡ ಆತ್ಮವನ್ನು ಎರಡು ಕುದುರೆಯ ರಥಕ್ಕೆ ಹೋಲಿಸಿದ. 1923ರಲ್ಲಿ ಫ್ರಾಯ್ಡ್ ಸಹ ಕುದುರೆ ಮತ್ತು ಸವಾರನ ಉಪಮೆಯನ್ನೇ ಬಳಸಿದ. ರಥವೂ ಕುದುರೆಯೂ ಅರಸರ, ಯೋಧರ ವಾಹನ. ಬೇಲಿ ಹಾರುವ ಮಂಗ ಮಾತ್ರ ರೈತನಿಗೂ ನೇಕಾರನಿಗೂ ಗೊತ್ತಿದ್ದ ಪ್ರಾಣಿ. ವಚನದ ಶಕ್ತಿ ಇರುವುದು ಇಲ್ಲಿ. ಮನಸ್ಸಿನ ವಿಚಾರವನ್ನು ಅದು ಪಂಡಿತರ ಮನೆಯಿಂದ ಅಂಗಳಕ್ಕೆ ತಂದಿತು.

ಇನ್ನೊಂದು ಪ್ರಸಿದ್ಧ ವಚನದಲ್ಲಿ ಬಸವಣ್ಣನವರು ಲೋಕವನ್ನು ತಿದ್ದುವ ಮುನ್ನ ಅವರವರ ತನುಮನಗಳನ್ನು ನೋಡಿಕೊಳ್ಳಬೇಕೆಂದು ಹೇಳುತ್ತಾರೆ. ಅಲ್ಲಿ ಅವರು ಬಳಸುವ ಕ್ರಿಯಾಪದ ಗಮನಾರ್ಹ. ಮನಸ್ಸನ್ನು ಕೊಲ್ಲಿರಿ, ದಂಡಿಸಿರಿ ಎನ್ನುವುದಿಲ್ಲ, ಸಂತೈಸಿರಿ ಎನ್ನುತ್ತಾರೆ. ಅಳುವ ಮಗುವನ್ನು, ದುಃಖದಲ್ಲಿರುವ ನೆರೆಯವರನ್ನು ಸಂತೈಸುವುದುಂಟು. ಮನಸ್ಸು ಶತ್ರುವಲ್ಲ, ಸಂತೈಸಬೇಕಾದ ಜೀವ ಎಂಬ ಭಾವ ಆ ಒಂದು ಪದದಲ್ಲಿದೆ.

ಅಲ್ಲಮಪ್ರಭುಗಳು ಮಾಯೆ ಇರುವುದು ಹೊರಗಿನ ವಸ್ತುವಿನಲ್ಲಲ್ಲ, ಮನಸ್ಸಿನ ಆಸೆಯಲ್ಲಿ ಎಂದು ತೋರಿಸಿದರು. ಹುನಗುಂದಕ್ಕೆ ಸಮೀಪದ ಲಿಂಗಸುಗೂರು ಸೀಮೆಯ ಆಯ್ದಕ್ಕಿ ಲಕ್ಕಮ್ಮನ ಕಥೆ ಇದೇ ಮಾತನ್ನು ಒಂದು ಹಿಡಿ ಅಕ್ಕಿಯಿಂದ ವಿವರಿಸುತ್ತದೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಈ ಆಸೆ ನಮಗೆ ತರವಲ್ಲ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಅವಳು ಹಿಂದಕ್ಕೆ ಕಳಿಸಿದಳು. ಸೇರಿನ ಲೆಕ್ಕದಲ್ಲಿ ಅದು ಅಲ್ಪ. ಆಸೆ ಮೊಳೆಯುವ ಗಳಿಗೆಯನ್ನು ಗುರುತಿಸಿದ್ದು ದೊಡ್ಡದು.

ಈ ಮಾತುಗಳು ಇಂದು ನಮಗೆ ಸಿಗುತ್ತಿರುವುದು ಫ.ಗು. ಹಳಕಟ್ಟಿಯವರಂಥವರ ಶ್ರಮದಿಂದ. ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಓಲೆಗರಿಗಳನ್ನು ಹುಡುಕಿ ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಬಾಗಲಕೋಟೆ ಆಗ ವಿಜಾಪುರ ಜಿಲ್ಲೆಯಲ್ಲಿಯೇ ಇತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಜೋಳಿಗೆಗೆ ಬಿದ್ದ ಚಟಗಳು

ಮನಸ್ಸಿನ ವಿಚಾರ ಎಷ್ಟು ಎತ್ತರದ್ದಾದರೂ ಅದರ ನಿಜವಾದ ಪರೀಕ್ಷೆ ನಡೆಯುವುದು ಸಂಜೆ ಸಂಬಳ ಕೈಗೆ ಬಂದಾಗ, ಮದ್ಯದ ಅಂಗಡಿಯ ಮುಂದೆ. ಕುಡಿತ ಕೆಟ್ಟದ್ದೆಂದು ಕುಡಿಯುವವನಿಗೂ ಗೊತ್ತಿರುತ್ತದೆ. ಗೊತ್ತಿದ್ದೂ ಕಾಲು ಅತ್ತ ಎಳೆಯುತ್ತದೆ. ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಮಕ್ಕಳ ಶಾಲೆ ತಪ್ಪುತ್ತದೆ. ಕನ್ನಡದಲ್ಲಿ ವ್ಯಸನ ಎಂಬ ಪದಕ್ಕೆ ಚಟವೆಂಬ ಅರ್ಥವೂ ದುಃಖವೆಂಬ ಅರ್ಥವೂ ಇರುವುದು ಆಕಸ್ಮಿಕವಲ್ಲ.

ಇಳಕಲ್ಲಿನ ವಿಜಯ ಮಹಾಂತೇಶ್ವರ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು 1970ರ ದಶಕದಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಜಂಗಮರು ಜೋಳಿಗೆ ಹಿಡಿದು ಕಾಳುಕಡಿ ಬೇಡುವುದು ಹಳೆಯ ಪದ್ಧತಿ. ಈ ಸ್ವಾಮಿಗಳು ಕಾಳು ಬೇಡಲಿಲ್ಲ, ಹಣ ಬೇಡಲಿಲ್ಲ. ನಿಮ್ಮ ದುಶ್ಚಟಗಳನ್ನು ನನ್ನ ಜೋಳಿಗೆಗೆ ಹಾಕಿರಿ ಎಂದು ಬೇಡಿದರು. ಮನೆಮನೆಗೆ, ಕೇರಿಕೇರಿಗೆ ಹೋದರು. ಜನ ಬೀಡಿ, ಸಿಗರೇಟು, ತಂಬಾಕಿನ ಚೀಟಿಗಳನ್ನು ಜೋಳಿಗೆಗೆ ಹಾಕಿ, ಇನ್ನು ಮುಟ್ಟೆವೆಂದು ಎಲ್ಲರೆದುರು ಮಾತು ಕೊಟ್ಟರು. ‘ಮಹಾಂತ ಜೋಳಿಗೆ’ ಎಂದು ಅದು ಹೆಸರಾಯಿತು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವನ್ನಾಗಿ ಆಚರಿಸಲಾಗುತ್ತಿದೆ.

ಈ ಕ್ರಮದ ಹಿಂದಿರುವ ಮನಶ್ಶಾಸ್ತ್ರವನ್ನು ಗಮನಿಸಬೇಕು. ಅಮೆರಿಕದ ವಿಲಿಯಂ ಜೇಮ್ಸ್ 1890ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದಲ್ಲಿ ಅಭ್ಯಾಸಗಳಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಹಳೆಯ ಚಟ ಬಿಡಬೇಕಾದರೆ ಬಲವಾದ ಸಂಕಲ್ಪದಿಂದ ಆರಂಭಿಸಬೇಕು, ಸಾಧ್ಯವಾದರೆ ನಾಲ್ಕು ಜನರೆದುರು ಪ್ರತಿಜ್ಞೆ ಮಾಡಬೇಕು, ಹೊಸ ಅಭ್ಯಾಸ ಬೇರು ಬಿಡುವವರೆಗೆ ಒಂದು ಸಲವೂ ತಪ್ಪಬಾರದು ಎಂಬುದು ಅವನ ಸಲಹೆ. ಜೋಳಿಗೆಯಲ್ಲಿ ಇವು ಸಹಜವಾಗಿ ಒಂದಾಗಿದ್ದವು. ಜೊತೆಗೆ ಜೇಮ್ಸ್ ಹೇಳದ ಒಂದು ಅಂಶವೂ ಇತ್ತು. ಕೊಡುವವನು ಇಲ್ಲಿ ಅಪರಾಧಿಯಲ್ಲ, ದಾನಿ. ಬೇಡುವವರು ಸ್ವಾಮಿಗಳು. ಸೋತ ದಂಡನಾಯಕನಿಗೆ ಅವಮಾನದ ಉಡುಪು ಕೊಟ್ಟ ನೆಲದಲ್ಲಿಯೇ, ಸೋತವನ ಮರ್ಯಾದೆ ಉಳಿಸಿ ಅವನನ್ನು ಎತ್ತುವ ಈ ಕ್ರಮವೂ ಹುಟ್ಟಿತು.

ಪ್ರತಿಜ್ಞೆಯಿಂದಲೇ ಎಲ್ಲವೂ ಆಗುತ್ತದೆ ಎಂದಲ್ಲ. ಬಹುಕಾಲದ ಕುಡಿತ ಮಿದುಳಿನ ಕೆಲಸವನ್ನೇ ಬದಲಿಸುತ್ತದೆ, ಅದೊಂದು ಕಾಯಿಲೆ ಎಂದು ಇಂದಿನ ವೈದ್ಯಶಾಸ್ತ್ರ ತಿಳಿಸುತ್ತದೆ. ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೆ ನಿಲ್ಲಿಸಿದರೆ ನಡುಕ, ಅಪಸ್ಮಾರ, ಭ್ರಮೆಗಳು ಕಾಣಿಸಿಕೊಂಡು ಜೀವಕ್ಕೇ ಅಪಾಯವಾಗಬಹುದು. ಅಂಥವರಿಗೆ ವೈದ್ಯರ ನೆರವು ಬೇಕೇ ಬೇಕು. ಬಿಟ್ಟವರು ಮತ್ತೆ ಹಿಡಿಯುವುದೂ ಸಾಮಾನ್ಯ. ವಾಸನೆಯ ಬಗ್ಗೆ ವಿಜ್ಞಾನವಾದಿಗಳು ಹೇಳಿದ ಮಾತು ಇಲ್ಲಿ ನೆನಪಾಗುತ್ತದೆ. ಬೀಜ ಒಳಗಿರುವ ತನಕ ಕಳೆ ಕೀಳುವ ಕೆಲಸ ಮುಗಿಯುವುದಿಲ್ಲ. ಎರಡನೆಯ ಸಲ ಬಿದ್ದವನನ್ನು ಬೈದು ಅಟ್ಟುವ ಬದಲು ಮತ್ತೆ ಚಿಕಿತ್ಸೆಗೆ ಕರೆದೊಯ್ಯುವ ಮನೆಯವರು ಆ ಕೆಲಸವನ್ನೇ ಮಾಡುತ್ತಿರುತ್ತಾರೆ.

ಮಂಗಲೇಶನ ಶಾಸನ, ಬಾಹುಬಲಿಯ ಮುಳ್ಳು, ದುರ್ಯೋಧನನ ಬೆವರು, ಲಕ್ಕಮ್ಮನ ಅಕ್ಕಿ, ಇಳಕಲ್ಲಿನ ಜೋಳಿಗೆ. ಇವೆಲ್ಲ ಬೇರೆ ಬೇರೆ ಮತ, ಬೇರೆ ಬೇರೆ ಕಾಲಕ್ಕೆ ಸೇರಿದವು. ಇವುಗಳಿಂದ ಒಂದೇ ಸಿದ್ಧಾಂತವನ್ನು ಹೊಸೆಯುವುದು ಸರಿಯಲ್ಲ. ಆದರೆ ಮನಸ್ಸು ಬದಲಾಗುತ್ತದೆ ಎಂಬುದರಲ್ಲಿ ಎಲ್ಲವೂ ಒಮ್ಮತದಲ್ಲಿವೆ. ಅಣ್ಣನಿಗೆ ಪುಣ್ಯ ಕೊಟ್ಟವನು ಅಣ್ಣನ ಮಗನಿಗೆ ರಾಜ್ಯ ಬಿಡದಂತೆ ಮಾಡಿದ್ದು ಆ ಬದಲಾವಣೆಯೇ. ಮೂವತ್ತು ವರ್ಷ ಕುಡಿದವನು ಒಂದು ದಿನ ಬಾಟಲಿಯನ್ನು ಕೆಳಗಿಡುವಂತೆ ಮಾಡುವುದೂ ಅದೇ. ಯಾವ ಕಡೆಗೆ ಬದಲಾಗಬೇಕೆಂಬುದು ಒಬ್ಬನ ಹಟದಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಅಕ್ಕಿಯನ್ನು ಹಿಂದಕ್ಕೆ ಕಳಿಸುವ ಲಕ್ಕಮ್ಮ, ಬಾಗಿಲಿಗೆ ಬಂದು ಬೇಡುವ ಜೋಳಿಗೆ, ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುವ ನೆರೆಮನೆಯವರು ಪಕ್ಕದಲ್ಲಿದ್ದರೆ ಕೆಲಸ ಅಷ್ಟು ಹಗುರ.