ಗ್ರೀಕ್‌ಗೆ 750, ಸಂಸ್ಕೃತಕ್ಕೆ 375

ಐಚ್ಛಿಕ ವಿಷಯ ಯಾವುದು ತೆಗೆದುಕೊಂಡರೆ ಅಂಕ ಹೆಚ್ಚು ಬರುತ್ತದೆ ಎಂಬ ಚರ್ಚೆ ದಿಲ್ಲಿಯ ರಾಜೇಂದರ್ ನಗರದ ಬಾಡಿಗೆ ಕೋಣೆಗಳಲ್ಲಿ ಇಂದಿಗೂ ಮುಗಿದಿಲ್ಲ. ಈ ಲೆಕ್ಕಾಚಾರ ಹಳೆಯದು. ಭಾರತದ ಸಿವಿಲ್ ಸರ್ವಿಸ್‌ಗೆ ಮೊದಲ ಮುಕ್ತ ಪರೀಕ್ಷೆ ನಡೆದದ್ದು 1855ರಲ್ಲಿ, ಲಂಡನ್ನಿನಲ್ಲಿ. ಒಟ್ಟು 6875 ಅಂಕ. ಅದರಲ್ಲಿ ಗ್ರೀಕ್‌ಗೆ 750, ಲ್ಯಾಟಿನ್‌ಗೆ 750. ಸಂಸ್ಕೃತಕ್ಕೆ 375, ಅರಬ್ಬಿಗೆ 375. ಆಳಬೇಕಾದ ಜನ ಆಡುವ ಕನ್ನಡ, ತಮಿಳು, ಮರಾಠಿಗಳು ಆ ಪಟ್ಟಿಯಲ್ಲೇ ಇರಲಿಲ್ಲ. ಅವೆಲ್ಲ ಆಯ್ಕೆಯಾದ ಮೇಲೆ ಕಲಿಯುವಂಥವು.

ಅದಕ್ಕೂ ಮೊದಲು ಕಂಪನಿಯ ನಿರ್ದೇಶಕರು ತಮಗೆ ಬೇಕಾದವರ ಮಕ್ಕಳನ್ನು ಹೆಸರಿಸಿ ಹೇಲಿಬರಿ ಕಾಲೇಜಿಗೆ ಕಳಿಸುತ್ತಿದ್ದರು. ಶಿಫಾರಸಿನಿಂದ ಬಂದ ಆ ಹುಡುಗರಿಗೆ ಅಲ್ಲಿ ಪಾರ್ಸಿ, ಹಿಂದೂಸ್ತಾನಿ ಹೇಳಿಕೊಡುತ್ತಿದ್ದರು. ಪ್ರತಿಭೆಯಿಂದ ಬಂದವರಿಗೆ ಹೋಮರ್ ಸಾಕಾಯಿತು! 1853ರ ಕಾಯಿದೆ ಶಿಫಾರಸನ್ನು ಕೊನೆಗಾಣಿಸಿತು. 1854ರಲ್ಲಿ ಮೆಕಾಲೆಯ ಸಮಿತಿ ಪರೀಕ್ಷೆಯ ರೂಪುರೇಷೆ ಹಾಕಿತು. ಆಕ್ಸ್‌ಫರ್ಡಿನ ಗ್ರೀಕ್ ವಿದ್ವಾಂಸ ಬೆಂಜಮಿನ್ ಜೋವೆಟ್ ಆ ಸಮಿತಿಯಲ್ಲಿದ್ದ.

ಗ್ರೀಕ್‌ನಿಂದ ಆಡಳಿತಕ್ಕೆ ನೇರ ಉಪಯೋಗವಿದೆ ಎಂದು ಮೆಕಾಲೆ ವಾದಿಸಲಿಲ್ಲ ಎಂಬುದನ್ನು ಗಮನಿಸಬೇಕು. ಗ್ರೀಕ್ ಬದಲು ಅಮೆರಿಕದ ಚೆರೋಕಿ ಭಾಷೆ ಕಲಿಸುತ್ತಿದ್ದರೂ ಅದರಲ್ಲಿ ಮುಂದಿರುವವನೇ ಸಾಮಾನ್ಯವಾಗಿ ಬುದ್ಧಿವಂತನಾಗಿರುತ್ತಾನೆ ಎಂದು ಅವನು 1853ರಲ್ಲಿ ಸಂಸತ್ತಿನಲ್ಲಿ ಹೇಳಿದ್ದ. ವಾದ ಚತುರವೇ. ಆದರೆ ಚೆರೋಕಿಯನ್ನೂ ಕಲಿಸುವ ಶಾಲೆ ಬೇಕಲ್ಲ, ಅದು ಯಾರ ಮನೆಯ ಹತ್ತಿರವಿದೆ?

ಆಕ್ಸ್‌ಫರ್ಡಿನಲ್ಲಿ ‘ಗ್ರೇಟ್ಸ್’ ಎಂದು ಕರೆಯುವ ಓದು ನಾಲ್ಕು ವರ್ಷದ್ದು. ಮೊದಲಿಗೆ ಹೋಮರ್, ವರ್ಜಿಲ್, ಜೊತೆಗೆ ಇಂಗ್ಲಿಷಿನಿಂದ ಗ್ರೀಕ್ ಲ್ಯಾಟಿನ್‌ಗೆ ಅನುವಾದ, ಪದ್ಯರಚನೆ ಕೂಡ. ಆಮೇಲೆ ಪ್ಲೇಟೋ, ಅರಿಸ್ಟಾಟಲ್, ಹೆರೊಡೊಟಸ್, ಥುಸಿಡಿಡೀಸ್, ಟ್ಯಾಸಿಟಸ್. ಭಾಷೆ ಕಲಿತವನು ತತ್ತ್ವಶಾಸ್ತ್ರಕ್ಕೂ ಇತಿಹಾಸಕ್ಕೂ ಮೂಲದಿಂದಲೇ ಹೋಗಬೇಕು. ಓದು ಗಟ್ಟಿಯಾದದ್ದೇ, ಅದರಲ್ಲಿ ಅನುಮಾನವಿಲ್ಲ. 1870ರಲ್ಲಿ ಬೇಲಿಯಲ್ ಕಾಲೇಜಿನ ಮುಖ್ಯಸ್ಥನಾದ ಜೋವೆಟ್ ತನ್ನ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಭಾರತದತ್ತ ಹುರಿದುಂಬಿಸಿ ಕಳಿಸಿದ.

ಭಾರತೀಯನಾದರೆ ಮೊದಲು ಸಮುದ್ರ ದಾಟಬೇಕು. ಸತ್ಯೇಂದ್ರನಾಥ ಟಾಗೋರ್ 1863ರಲ್ಲಿ ಪಾಸಾದ ಮೊದಲಿಗರು. ಮುಂದೆ ಅವರು ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ತಮ್ಮ ರವೀಂದ್ರರು ಕಡಲ ತೀರ ಕಂಡು ಬೆರಗಾದದ್ದು ಆಗಲೇ. ಬಳಿಕ ವಯೋಮಿತಿಯನ್ನು 21ರಿಂದ 19ಕ್ಕೆ ಇಳಿಸಿದರು. ಹತ್ತೊಂಬತ್ತರೊಳಗೆ ಇಂಗ್ಲಿಷ್ ಹುಡುಗನ ಸಮಕ್ಕೆ ಗ್ರೀಕ್ ಕಲಿಯಬೇಕೆಂದರೆ ಬಾಲ್ಯವೇ ಇಂಗ್ಲೆಂಡಿನಲ್ಲಿ ಕಳೆದಿರಬೇಕು. ಅರವಿಂದ ಘೋಷ್ ಹಾಗೆ ಬೆಳೆದವರು. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆ, 1890ರಲ್ಲಿ ಐಸಿಎಸ್ ಪರೀಕ್ಷೆಯಲ್ಲಿ ಹನ್ನೊಂದನೇ ಸ್ಥಾನ, 1892ರಲ್ಲಿ ಕೇಂಬ್ರಿಜಿನ ಕ್ಲಾಸಿಕಲ್ ಟ್ರೈಪಾಸ್ ಮೊದಲ ಭಾಗದಲ್ಲಿ ಪ್ರಥಮ ದರ್ಜೆ. ಕೊನೆಗೆ ಕುದುರೆ ಸವಾರಿಯ ಪರೀಕ್ಷೆಗೆ ಹೋಗದೆ ಕೆಲಸ ತಪ್ಪಿತು. ಬೇಕೆಂದೇ ತಪ್ಪಿಸಿಕೊಂಡರು ಎನ್ನುವವರೇ ಹೆಚ್ಚು. ಗ್ರೀಕ್ ಮಾತ್ರ ಅವರನ್ನು ಬಿಡಲಿಲ್ಲ: ಪಾಂಡಿಚೇರಿಯಲ್ಲಿ ಕೂತು ಟ್ರಾಯ್ ಯುದ್ಧದ ಮೇಲೆ ‘ಇಲಿಯನ್’ ಬರೆದರು, ಅದೂ ಹೋಮರನ ಛಂದಸ್ಸಿನಲ್ಲಿ.

ಪ್ರವೇಶಕ್ಕೆ ಗ್ರೀಕ್ ಕಡ್ಡಾಯ ಎಂಬ ನಿಯಮವನ್ನು ಆಕ್ಸ್‌ಫರ್ಡ್ ಕೈಬಿಟ್ಟದ್ದು 1920ರಲ್ಲಿ. ಲಂಡನ್ನಿಗೆ ಹೋಗದೆ ಭಾರತದಲ್ಲೇ ಪರೀಕ್ಷೆ ಬರೆಯುವ ಅವಕಾಶ 1922ರಲ್ಲಿ, ಅಲಹಾಬಾದಿನಲ್ಲಿ, ಬಂತು.

ಅಂಕದ ಹಂಗಿಲ್ಲದೆ ಗ್ರೀಕ್ ನಾಟಕಗಳತ್ತ ಹೋದವರು ನಮ್ಮಲ್ಲಿ ಬಿ.ಎಂ.ಶ್ರೀ. ಸೋಫೊಕ್ಲೀಸನ ‘ಏಜಾಕ್ಸ್’ ಅವರ ಕೈಯಲ್ಲಿ ‘ಅಶ್ವತ್ಥಾಮನ್’ ಆಯಿತು. ಈಸ್ಕಿಲಸನ ನಾಟಕ ‘ಪಾರಸಿಕರು’ ಆಯಿತು. ಈ ಎರಡನೆಯದು ಕ್ರಿ.ಪೂ. 472ರಲ್ಲಿ ಅಥೆನ್ಸಿನಲ್ಲಿ ಪ್ರದರ್ಶನಗೊಂಡದ್ದು. ಬರೆದವನು ಮ್ಯಾರಥಾನಿನಲ್ಲಿ ಸ್ವತಃ ಪರ್ಷಿಯನ್ನರ ವಿರುದ್ಧ ಕಾದಾಡಿದ್ದ. ಆದರೂ ಇಡೀ ನಾಟಕ ನಡೆಯುವುದು ಶತ್ರುವಿನ ರಾಜಧಾನಿಯಲ್ಲಿ. ರಂಗದ ಮೇಲೆ ಅಳುವವರೆಲ್ಲ ಸೋತವರು, ಎದುರಿಗೆ ಕೂತು ನೋಡಿದವರು ಗೆದ್ದವರು.