ದಂಡಿಗೆ ಬಂದವರು, ಕನ್ನಡ ಕಲಿಸಿದವರು

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಒಂದು ಕಿಲೋ ಈರುಳ್ಳಿ ಕೊಳ್ಳಲು ಕನ್ನಡವೇ ಬೇಕೆಂದೇನಿಲ್ಲ. ದಖನಿ, ತಮಿಳು, ತೆಲುಗು ಯಾವುದಾದರೂ ನಡೆಯುತ್ತದೆ. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದ ಪಡೆಯನ್ನು ಹಲಸೂರಿನ ಬಳಿಗೆ ತಂದು ದಂಡು ಕಟ್ಟಿದಂದಿನಿಂದ ಇಲ್ಲಿ ಹೀಗೆಯೇ. ಪಡೆಯ ಬೆನ್ನಿಗೆ ಬಂದ ಕೂಲಿಗಳು, ಅಡುಗೆಯವರು, ಗುತ್ತಿಗೆದಾರರು ತಮ್ಮ ಮಾತನ್ನು ಇಟ್ಟುಕೊಂಡೇ ನೆಲೆ ನಿಂತರು. ಆಡಳಿತವೇ ಬೇರೆಯಿದ್ದುದರಿಂದ ಅವರಿಗೆ ಕನ್ನಡ ಕಲಿಸುವ ಗೋಜು ಯಾರಿಗೂ ಇರಲಿಲ್ಲ. 1949ರಲ್ಲಿ ದಂಡೂ ಹಳೆಯ ಪೇಟೆಯೂ ಒಂದೇ ನಗರಪಾಲಿಕೆಯಡಿ ಬಂದ ಮೇಲಷ್ಟೇ ಆ ಪ್ರಶ್ನೆ ಎದ್ದಿತು.

ಅಷ್ಟರಲ್ಲಿ ದೇಶ ವಿಭಜನೆಯಾಗಿ ಮನೆಮಠ ಕಳೆದುಕೊಂಡ ಸಿಂಧಿಗಳು ಬಂದಿದ್ದರು. ಕಾಕ್ಸ್ ಟೌನ್ ಮಗ್ಗುಲಿನ ಸಿಂಧಿ ಕಾಲೊನಿ ಇವತ್ತಿಗೂ ಅವರ ಹೆಸರು ಹೊತ್ತಿದೆ. ಅಂಗಡಿ ಹಾಕಿದವರಿಗೆ ಗಿರಾಕಿಗಳೇ ಮೇಷ್ಟ್ರುಗಳಾದರು.

ನಿರಾಶ್ರಿತರಿಗೆ ಆಸರೆಯಾಗುವುದನ್ನೇ ಕಸುಬು ಮಾಡಿಕೊಂಡ ಸಂಸ್ಥೆ ಹುಟ್ಟಿದ್ದು ಟಿಬೆಟನ್ನರ ಕಾಲಕ್ಕೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಬಳಿಕ ಅಂದಿನ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತು. ಮುಂದೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲೂ ಶಿಬಿರಗಳು ಎದ್ದವು. ಈ ಪುನರ್ವಸತಿಗೆಂದೇ 1968ರಲ್ಲಿ ಮೈರಾಡಾ ಶುರುವಾಯಿತು. ಅದರ ಕಚೇರಿ ಇಂದಿರಾನಗರಕ್ಕೆ ಅಂಟಿಕೊಂಡ ದೊಮ್ಮಲೂರಿನಲ್ಲಿದೆ. ಕಾಡು ಕಡಿದು ಹೊಲ ಮಾಡಿದ, ಮುಸುಕಿನ ಜೋಳ ಬೆಳೆದ, ಸಹಕಾರ ಸಂಘ ಕಟ್ಟಿದ ಟಿಬೆಟನ್ನರಿಗೆ ಬೇಕಾದಷ್ಟು ಕನ್ನಡ ಸಿಕ್ಕಿದ್ದು ಮಾತ್ರ ಪಿರಿಯಾಪಟ್ಟಣ, ಕುಶಾಲನಗರದ ಸಂತೆಗಳಲ್ಲಿ, ಹೊಲದ ಆಳುಗಳ ಜೊತೆ. ಟಿಬೆಟನ್ನರ ಕೆಲಸ ಮುಗಿದ ಮೇಲೆ ಮೈರಾಡಾ ಬಡ ಹಳ್ಳಿಗರತ್ತ ತಿರುಗಿತು. 1980ರ ದಶಕದ ನಡುವಿನಲ್ಲಿ ಅದು ಕಟ್ಟಿದ ಗುಂಪುಗಳು ಸ್ವಸಹಾಯ ಸಂಘಗಳ ಚಳವಳಿಗೆ ಬುನಾದಿಯಾದವು. ಸ್ತ್ರೀಶಕ್ತಿ ಸಂಘದ ಸಾಲ ಪಡೆಯುವ ಎಷ್ಟು ಮಂದಿಗೆ ಟಿಬೆಟನ್ ನಿರಾಶ್ರಿತರ ಜೊತೆಗಿನ ಈ ನಂಟು ಗೊತ್ತಿದೆಯೋ!

ನಗರದ ಪೂರ್ವದಲ್ಲಿ ಕನ್ನಡದ ಕೆಲಸ ಹೆಚ್ಚಾಗಿ ಕಾರ್ಖಾನೆಗಳಿಂದ ನಡೆಯಿತು. 1940ರ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದಲ್ಲಿ ಬಂದ ಐಟಿಐ ದೇಶದ ಮೂಲೆಮೂಲೆಯವರನ್ನು ಸೆಳೆದವು. ಅಲ್ಲಿನ ಕನ್ನಡ ಸಂಘಗಳು ರಾಜ್ಯೋತ್ಸವ, ನಾಟಕಗಳ ಜೊತೆಗೆ ಪರಭಾಷಿಕ ಸಹೋದ್ಯೋಗಿಗಳನ್ನೂ ಒಳಗೆ ಕರೆದವು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿದ 1982ರ ಗೋಕಾಕ್ ಚಳವಳಿ ಅದಕ್ಕೆ ಇನ್ನಷ್ಟು ಕಸುವು ತುಂಬಿತು. ಪಾಳಿ ಮುಗಿಸಿ ಬಂದು ಸಂಘದ ಕೆಲಸ ಹೊತ್ತ ಆ ಕಾರ್ಮಿಕರ ಚರಿತ್ರೆಯನ್ನು ಯಾರಾದರೂ ಸಮಗ್ರವಾಗಿ ಬರೆಯಬೇಕು.

ಐಟಿ ಬಂದ ಮೇಲೆ ಕಲಿಯುವವರೂ ಬದಲಾದರು, ಕಲಿಸುವ ಬಗೆಯೂ ಬದಲಾಯಿತು. ಅನೂಪ್ ಮಯ್ಯ ಅವರ ‘ಕನ್ನಡ ಗೊತ್ತಿಲ್ಲ’ ಬಳಗ ವಾಟ್ಸ್‌ಆ್ಯಪ್‌ನಲ್ಲೇ ಪಾಠ ಹೇಳಿತು. ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕನ್ನಡೇತರರಿಗೆ ಕಲಿಕಾ ಕೇಂದ್ರಗಳನ್ನು ತೆರೆಯಿತು. 2024ರಲ್ಲಿ ಆಟೋ ಚಾಲಕರು ಸೀಟಿನ ಹಿಂದೆ ಕನ್ನಡ ವಾಕ್ಯಗಳ ಹಾಳೆ ಅಂಟಿಸಿ ಸುದ್ದಿಯಾದರು. ಖರ್ಚಿಲ್ಲದ ಈ ಉಪಾಯ ನನಗೆ ಎಲ್ಲಕ್ಕಿಂತ ಹಿಡಿಸಿತು.

ಆದರೆ ಇವೆಲ್ಲ ತಲುಪಿದ್ದು ಹೆಚ್ಚಾಗಿ ಸಂಬಳದವರನ್ನು. ಕೂಲಿಯವರ ಬಳಿಗೆ ಸ್ವಯಂಸೇವಕರು ಹೋದದ್ದು ಆಪತ್ತು ಬಂದಾಗಲೇ. 2012ರ ಆಗಸ್ಟ್‌ನಲ್ಲಿ ಹಲ್ಲೆಯ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಗುವಾಹಟಿಯ ರೈಲು ಹತ್ತಿದರು. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಹೋಗಬೇಕಾದರೆ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕಿತ್ತು. ಬಿಹಾರ, ಬಂಗಾಳದ ಕೂಲಿಗಳಿಗೆ ಆ ಅರ್ಜಿ ತುಂಬಿಕೊಟ್ಟವರು, ಪೊಲೀಸ್ ಠಾಣೆಯಲ್ಲಿ ಅವರ ಪರ ಮಾತಾಡಿದವರು ಸ್ವಯಂಸೇವಕರೇ. ರೈಲು ಹೊರಟ ಮೇಲೆ ಆ ನಂಟೂ ಕಡಿಯಿತು.

ಇನ್ನು ನಿಜವಾದ ನಿರಾಶ್ರಿತರ ಪಾಡು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಅವರಿಗೆಂದು ಪ್ರತ್ಯೇಕ ಕಾನೂನೂ ಇಲ್ಲ. ನಗರದ ಅಂಚಿನ ಶೆಡ್ಡುಗಳಲ್ಲಿ ಕಸ ವಿಂಗಡಿಸಿ ಬದುಕುವ ರೋಹಿಂಗ್ಯಾ ಕುಟುಂಬಗಳಿಗೆ ಟಿಬೆಟನ್ನರಿಗೆ ಸಿಕ್ಕಂತೆ ನೆಲವಿಲ್ಲ, ಶಿಬಿರವಿಲ್ಲ, ಮೈರಾಡಾದಂಥ ಸಂಸ್ಥೆಯೂ ಇಲ್ಲ. ಇಂಥ ಮನೆಗಳಲ್ಲಿ ಸರ್ಕಾರಿ ಶಾಲೆಗೆ ಹೋಗುವ ಮಗುವೇ ತಾಯಿಯ ದುಭಾಷಿ. ಬೌರಿಂಗ್ ಆಸ್ಪತ್ರೆಯ ಚೀಟಿ ಓದುವುದೂ ಅದೇ, ಡಾಕ್ಟರಿಗೆ ಅಮ್ಮನ ನೋವು ಹೇಳುವುದೂ ಅದೇ.

ಕನ್ನಡ ಹೆಚ್ಚು ಬೇಕಾದವರಿಗೇ ಕನ್ನಡದ ತರಗತಿ ಕಡಿಮೆ ಸಿಕ್ಕಿದೆ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಪಾಠ ಹೇಳುವ ಗೆಳೆಯರು ವಾರಕ್ಕೊಮ್ಮೆ, ಭಾನುವಾರ, ಕೆ.ಆರ್. ಪುರದ ಕೂಲಿ ಶೆಡ್ಡುಗಳತ್ತಲೂ ಬರಲಿ. ಅಲ್ಲಿ ‘ಊಟ ಆಯ್ತಾ’ ಆಮೇಲೆ ಕಲಿಸಬಹುದು; ‘ಕೂಲಿ ಎಷ್ಟು ಕೊಡ್ತೀರಾ’, ‘ಎಲ್ಲಿ ನೋವು’, ‘ರಸೀದಿ ಕೊಡಿ’ ಎಂಬ ಮಾತುಗಳನ್ನು ಮೊದಲು ಕಲಿಸಲಿ.