ವೃಷಭಾವತಿ: ಹೆಸರಿನ ಹುಟ್ಟು ಮತ್ತು ವ್ಯಾಕರಣ

ಬೆಂಗಳೂರಿನ ಪಶ್ಚಿಮ ಭಾಗದ ನೀರನ್ನು ಹೊತ್ತು ನಾಯಂಡಹಳ್ಳಿ, ಕೆಂಗೇರಿ, ಬೈರಮಂಗಲದ ಮೇಲೆ ಹರಿದು ಅರ್ಕಾವತಿಗೆ, ಅದರ ಮೂಲಕ ಕಾವೇರಿಗೆ ಸೇರುವ ಹೊಳೆ ವೃಷಭಾವತಿ. ಬಸವನಗುಡಿಯ ದೊಡ್ಡಬಸವನ ಪಾದದಡಿ ಹುಟ್ಟುತ್ತದೆಂಬುದು ಸ್ಥಳಪ್ರತೀತಿ. ಮಲ್ಲೇಶ್ವರದ ನಂದಿತೀರ್ಥವನ್ನು ಮೂಲವೆನ್ನುವವರೂ ಉಂಟು. ಬಸವ ಎಂಬುದು ವೃಷಭದ ತದ್ಭವವೇ ಆದ್ದರಿಂದ ಹೆಸರಿನ ಮೊದಲರ್ಧದಲ್ಲಿ ತಕರಾರಿಲ್ಲ. ತಕರಾರು ‘ಭಾ’ ಎಂಬ ದೀರ್ಘದ್ದು. ಗುಣವತಿ, ರೂಪವತಿ ಎನ್ನುವಂತೆ ವೃಷಭವತಿ ಎನ್ನಬೇಕಿತ್ತು, ದೀರ್ಘ ಆಡುಮಾತಿನ ತಪ್ಪು ಎಂಬ ವಾದವಿದೆ. ಹ್ರಸ್ವಕ್ಕೂ ದೀರ್ಘಕ್ಕೂ ಒಂದೇ ‘ಎ’ ಅಕ್ಷರ ಬರೆಯುವ ಇಂಗ್ಲಿಷ್ ಫಲಕಗಳು ಈ ಗೊಂದಲವನ್ನು ಇನ್ನಷ್ಟು ಬೆಳೆಸಿವೆ.

ಪಾಣಿನಿಯನ್ನು ಕೇಳಿದರೆ ತಪ್ಪು ಹ್ರಸ್ವದ್ದೇ. ನದಿಗಳ ಹೆಸರಿಗೆಂದೇ ಮತುಪ್ ಪ್ರತ್ಯಯವನ್ನು ಅಷ್ಟಾಧ್ಯಾಯಿ ವಿಧಿಸುತ್ತದೆ (4.2.85), ಅಕಾರದ ಮುಂದೆ ಅದರ ಮಕಾರ ವಕಾರವಾಗುತ್ತದೆ (8.2.9). ಎರಡಕ್ಕಿಂತ ಹೆಚ್ಚು ಸ್ವರಗಳ ಪದ ಅಂಕಿತನಾಮವಾದರೆ ಪ್ರತ್ಯಯದ ಹಿಂದಿನ ಸ್ವರ ದೀರ್ಘ (6.3.119): ಅಮರಾವತಿ, ಉದುಂಬರಾವತಿ. ವೃ-ಷ-ಭ ಮೂರು ಸ್ವರ. ವೃಷಭವತಿ ಎಂದರೆ ಗೂಳಿಯುಳ್ಳ ಯಾವಳಾದರೂ ಆದಾಳು; ದೀರ್ಘ ಬಂದೊಡನೆ ಅದು ಒಂದು ಹೊಳೆಯ ಹೆಸರು.

ಹಾಗಾದರೆ ಎರಡೇ ಸ್ವರದ ಅರ್ಕ, ನೇತ್ರ, ವೇದಗಳಿಂದ ಅರ್ಕಾವತಿ, ನೇತ್ರಾವತಿ, ವೇದಾವತಿ ಹೇಗಾದವು? ಶರ ಮೊದಲಾದ ಕೆಲವು ಪದಗಳಿಗೆ ಪಾಣಿನಿ ಪ್ರತ್ಯೇಕ ವಿನಾಯಿತಿ ಕೊಟ್ಟಿದ್ದಾನೆ (6.3.120), ನಮ್ಮ ಶರಾವತಿಯ ರೂಪ ಸಿದ್ಧವಾಗುವುದು ಆ ಸೂತ್ರದಿಂದಲೇ. ಆದರೆ ಈ ಮೂರೂ ಆ ಪಟ್ಟಿಯಲ್ಲಿಲ್ಲ. ಇಲ್ಲಿ ಕೆಲಸ ಮಾಡಿದ್ದು ಸೂತ್ರವಲ್ಲ, ಸಾದೃಶ್ಯ: ‘ಆವತಿ’ ಎಂಬುದೇ ಕನ್ನಡದ ಕಿವಿಗೆ ಹೊಳೆಯ ಹೆಸರಿನ ಅಚ್ಚಾಗಿಬಿಟ್ಟಿತು. ಕಡೂರು ಸೀಮೆಯಲ್ಲಂತೂ ವೇದಾ, ಆವತಿ ಎಂಬ ಎರಡು ಹೊಳೆ ಕೂಡಿ ವೇದಾವತಿಯಾಯಿತು ಎನ್ನುತ್ತಾರೆ. ಪ್ರತ್ಯಯಕ್ಕೇ ನೀರು ಬಂದಿದೆ! ಅರ್ಕಾವತಿಯ ಇನ್ನೊಂದು ಉಪನದಿ, ಶಿವಗಂಗೆ ಕಡೆಯ ಕುಮುದ್ವತಿ ಮಾತ್ರ ಈ ಅಚ್ಚಿಗೆ ಬೀಳದೆ 4.2.87ರ ಹಳೆಯ ರೂಪವನ್ನೇ ಉಳಿಸಿಕೊಂಡಿದೆ. ವೃಷಭಾವತಿ ಸೂತ್ರಕ್ಕೂ ಅಚ್ಚಿಗೂ ಒಪ್ಪುತ್ತದೆ. ಆದ್ದರಿಂದ ದೀರ್ಘವೊಂದನ್ನೇ ಹಿಡಿದು ಹೆಸರಿಟ್ಟವರು ಪಂಡಿತರೆಂದು ಹೇಳಲಾಗದು.

ಉಳಿದದ್ದು ಅರ್ಥದ ಆಕ್ಷೇಪ: ಮತುಪ್ ‘ಉಳ್ಳದ್ದು’ ಎನ್ನುತ್ತದೆ, ‘ಹುಟ್ಟಿದ್ದು’ ಎನ್ನುವುದಿಲ್ಲ, ಬಸವನ ಪಾದದ ಕತೆ ಹೆಸರಿಗೆ ಹೊಂದದು. ನಿಜ. ಆದರೆ ಸ್ಥಳನಾಮಗಳ ಈ ಪ್ರಕರಣದಲ್ಲಿ ಪಾಣಿನಿ ಹೇಳುವ ನಾಲ್ಕು ಅರ್ಥಗಳಲ್ಲಿ ‘ಅದೂರಭವ’, ಅಂದರೆ ದೂರವಲ್ಲದ್ದು, ಒಂದು (4.2.70). ಬಸವನ ಸಮೀಪದ ಹೊಳೆ ಎಂದರೆ ವ್ಯಾಕರಣವೂ ಒಪ್ಪುತ್ತದೆ, ಬಸವನಗುಡಿಯೂ ಒಪ್ಪುತ್ತದೆ.